ಬಾಣಲೆಯ ಮುಂದೆ ನಿಂತ ಭಕ್ತ

‘ಅಜ್ಜಿ, ದೇವರು ಮೆಚ್ಚೋ ಹಾಗೆ ಬದುಕಬೇಕು ಅಂತ ಚರ್ಚಿನಲ್ಲಿ ಹೇಳಿದರಲ್ಲ, ಹಾಗಂದ್ರೆ ದಿನವಿಡೀ ಪ್ರಾರ್ಥನೆ ಮಾಡ್ತಾ ಕೂತಿರಬೇಕಾ? ಹಾಗಾದ್ರೆ ಹೋಂವರ್ಕ್ ಯಾವಾಗ ಮಾಡೋದು?’

ಮೊಮ್ಮಕ್ಕಳು ಹೀಗೆ ಕೇಳಿದರೆ ನಗು ಬರುತ್ತದೆ. ಆದರೆ ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಐವತ್ತು ವರ್ಷ ಮಠದಲ್ಲಿ ಬಾಳಿ, ಇದಕ್ಕೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟ ಅಡುಗೆಯವರೊಬ್ಬರ ಕಥೆ ಇಲ್ಲಿದೆ. ಅಜ್ಜ, ಅಜ್ಜಿ, ಮಕ್ಕಳು ಒಟ್ಟಿಗೆ ಕೂತು ಓದಿ.

ಬೋಳು ಮರ ಕಲಿಸಿದ ಪಾಠ

ಸುಮಾರು 1614ರಲ್ಲಿ, ಈಗ ಫ್ರಾನ್ಸಿಗೆ ಸೇರಿರುವ ಲೊರೇನ್ ಪ್ರಾಂತದಲ್ಲಿ ನಿಕೊಲಾಸ್ ಹರ್ಮನ್ ಎಂಬ ಹುಡುಗ ಹುಟ್ಟಿದ. ಬಡವರ ಮನೆ, ಓದು ಅಷ್ಟಕ್ಕಷ್ಟೇ. ಹದಿನೆಂಟನೆಯ ವಯಸ್ಸಿನಲ್ಲಿ, ಒಂದು ಚಳಿಗಾಲ, ಎಲೆಯೆಲ್ಲ ಉದುರಿ ಬೋಳಾಗಿ ನಿಂತ ಮರವೊಂದು ಅವನ ಕಣ್ಣಿಗೆ ಬಿತ್ತು. ಇನ್ನು ಸ್ವಲ್ಪ ಕಾಲದಲ್ಲಿ ಇದೇ ಮರ ಚಿಗುರುತ್ತದೆ, ಹೂ ಬಿಡುತ್ತದೆ, ಹಣ್ಣು ಕೊಡುತ್ತದೆ ಎಂಬ ಯೋಚನೆ ಬಂತು. ಅದನ್ನು ಚಿಗುರಿಸುವ ದೇವರ ಮೇಲೆ ಅಂದು ಹುಟ್ಟಿದ ಪ್ರೀತಿ ಕೊನೆಯವರೆಗೂ ಆರಲಿಲ್ಲ.

ಬದುಕು ಮಾತ್ರ ಅವನನ್ನು ಚೆನ್ನಾಗಿಯೇ ಸತಾಯಿಸಿತು. ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿದ್ದ ಕಾಲ. ಸಿಪಾಯಿಯಾಗಿ ಹೋದವನು ಗಾಯಗೊಂಡು, ಕಾಲು ಕುಂಟುತ್ತಾ ಮರಳಿದ. ಆಮೇಲೆ ದೊಡ್ಡ ಮನೆಯೊಂದರಲ್ಲಿ ಆಳಾದ. ಅಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುವ ಒಡ್ಡನಾಗಿದ್ದೆ ಎಂದು ಮುಂದೆ ತಾನೇ ಹೇಳಿಕೊಂಡ.

ಇಷ್ಟವಿಲ್ಲದ ಕೆಲಸ

1640ರಲ್ಲಿ ನಿಕೊಲಾಸ್ ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿ ಬ್ರದರ್ ಲಾರೆನ್ಸ್ ಆದರು. ಮಂಗಳೂರಿನ ಬಿಕರ್ನಕಟ್ಟೆಯ ಬಾಲ ಯೇಸು ಕ್ಷೇತ್ರವನ್ನು ನಡೆಸುತ್ತಿರುವವರೂ ಇದೇ ಕಾರ್ಮೆಲ್ ಸಭೆಯವರೇ. ಲಾರೆನ್ಸ್ ಗುರುಗಳಾಗಲಿಲ್ಲ, ಪ್ರಸಂಗ ಮಾಡಲಿಲ್ಲ. ಅವರ ಪಾಲಿಗೆ ಬಂದದ್ದು ಅಡುಗೆಮನೆ.

ಅಡುಗೆ ಕೆಲಸವೆಂದರೆ ಅವರಿಗೆ ಆಗುತ್ತಲೇ ಇರಲಿಲ್ಲ! ಆದರೂ ಸುಮಾರು ಹದಿನೈದು ವರ್ಷ ಅಲ್ಲಿ ದುಡಿದರು. ಹೇಗೆ? ಕೆಲಸ ಶುರುಮಾಡುವ ಮುಂಚೆ, ಇದನ್ನು ಚೆನ್ನಾಗಿ ಮಾಡಲು ಕೃಪೆ ಕೊಡು ಎಂದು ಬೇಡುತ್ತಿದ್ದರು. ಕೆಲಸದ ನಡುವೆ, ಪಕ್ಕದಲ್ಲಿ ನಿಂತ ಗೆಳೆಯನೊಡನೆ ಮಾತಾಡುವಂತೆ, ದೇವರೊಡನೆ ಒಂದೆರಡು ಮಾತು. ಬಾಣಲೆಯಲ್ಲಿ ಮೊಟ್ಟೆ ತಿರುವಿ ಹಾಕಿದರೆ ಅದೂ ದೇವರ ಮೇಲಿನ ಪ್ರೀತಿಗಾಗಿ. ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂಬ ಭೇದವೇ ಅವರಿಗೆ ಉಳಿಯಲಿಲ್ಲ.

ಒಮ್ಮೆ ಮಠಕ್ಕೆ ದ್ರಾಕ್ಷಾರಸ ತರಲು ಅವರನ್ನು ದೂರದ ಬರ್ಗಂಡಿಗೆ ಕಳಿಸಿದರು. ವ್ಯಾಪಾರ ತಿಳಿಯದು, ಕಾಲೂ ಕುಂಟು. ದೋಣಿಯಲ್ಲಿ ಅತ್ತಿತ್ತ ಹೋಗಲು ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕಾಯಿತಂತೆ! ಆದರೂ, ‘ದೇವರೇ, ಇದು ನಿನ್ನ ಕೆಲಸ’ ಎಂಬ ಭಾವದಿಂದ ಹೊರಟರು. ಕೆಲಸ ಚೆನ್ನಾಗಿಯೇ ಆಯಿತು.

ಎಡವಿದಾಗ ಏನು ಮಾಡುವುದು?

ಇದೆಲ್ಲ ಒಂದೇ ದಿನಕ್ಕೆ ಬಂದದ್ದಲ್ಲ. ಮೊದಲ ಹತ್ತು ವರ್ಷ ಅವರು ಒಳಗೊಳಗೇ ನರಳಿದರು. ಹಳೆಯ ತಪ್ಪುಗಳು ಕಣ್ಣ ಮುಂದೆ ಬರುತ್ತಿದ್ದವು. ತನ್ನಂಥವನನ್ನು ದೇವರು ಮೆಚ್ಚುವುದುಂಟೇ ಎಂಬ ಅಳುಕು. ಉಳಿದ ಬಾಳೆಲ್ಲ ಹೀಗೇ ಕಳೆದರೂ ಸರಿ, ದೇವರನ್ನು ಪ್ರೀತಿಸುವುದನ್ನು ಬಿಡೆನು ಎಂದು ಗಟ್ಟಿ ಮನಸ್ಸು ಮಾಡಿದ ಮೇಲೆಯೇ ಎದೆಯ ಭಾರ ಇಳಿದದ್ದು. ಅಲ್ಲಿಂದ ಮುಂದೆ ತಪ್ಪಾದರೆ ಒಪ್ಪಿಕೊಳ್ಳುತ್ತಿದ್ದರು, ಕ್ಷಮೆ ಕೇಳುತ್ತಿದ್ದರು, ಮತ್ತೆ ಕೆಲಸಕ್ಕೆ ಏಳುತ್ತಿದ್ದರು. ಅದನ್ನೇ ನೆನೆದು ಕೊರಗುತ್ತಾ ಕೂರುತ್ತಿರಲಿಲ್ಲ.

ಮುಂದೆ ಮಠದವರ ಚಪ್ಪಲಿ ಹೊಲಿಯುವ ಕೆಲಸ ಮಾಡಿದರು. ದೊಡ್ಡ ವಿದ್ವಾಂಸರೂ ಈ ಅಡುಗೆಯವರನ್ನು ಹುಡುಕಿಕೊಂಡು ಬಂದರು. 1691ರಲ್ಲಿ ತೀರಿಕೊಂಡ ಮೇಲೆ, ಜೋಸೆಫ್ ದ ಬೋಫೋರ್ ಎಂಬ ಗುರುಗಳು ಅವರ ಪತ್ರಗಳನ್ನೂ ಮಾತುಗಳನ್ನೂ ಕೂಡಿಸಿ ಅಚ್ಚು ಹಾಕಿಸಿದರು. ಕಥೋಲಿಕರೂ ಪ್ರೊಟೆಸ್ಟೆಂಟರೂ ಇಂದಿಗೂ ಆ ಪುಟ್ಟ ಪುಸ್ತಕವನ್ನು ಓದುತ್ತಾರೆ.

ಒಂದು ಹುಲ್ಲುಕಡ್ಡಿ

ಯಾವ ಕೆಲಸವನ್ನಾದರೂ ಮನುಷ್ಯರ ಮೆಚ್ಚುಗೆಗಲ್ಲ, ಕರ್ತನಿಗಾಗಿಯೇ ಎಂದು ಮನಸ್ಸಿಟ್ಟು ಮಾಡಬೇಕೆಂದು ಸಂತ ಪೌಲರು ಕೊಲೊಸ್ಸೆಯ ವಿಶ್ವಾಸಿಗಳಿಗೆ ಬರೆದಿದ್ದರು. ಲಾರೆನ್ಸ್ ಅದನ್ನು ಬದುಕಿ ತೋರಿಸಿದರು. ಹೋಂವರ್ಕ್ ಬರೆಯುವುದು, ತಟ್ಟೆ ತೊಳೆದಿಡುವುದು, ತಮ್ಮನ ಜಗಳವನ್ನು ಮರೆತು ಅವನನ್ನು ಆಟಕ್ಕೆ ಕರೆಯುವುದು – ಮಕ್ಕಳೇ, ಪ್ರೀತಿಯಿಂದ ಮಾಡಿದರೆ ಇವೂ ಪ್ರಾರ್ಥನೆಯೇ.

‘ಮಂಡಿ ನೋವು, ಈಗ ನಮ್ಮ ಕೈಯಲ್ಲಿ ಏನಾದೀತು?’ ಎನ್ನುವ ಹಿರಿಯರಿಗೂ ಲಾರೆನ್ಸ್ ಒಂದು ಮಾತು ಬಿಟ್ಟುಹೋಗಿದ್ದಾರೆ. ಬೇರೇನೂ ಮಾಡಲಾಗದ ದಿನ, ದೇವರ ಮೇಲಿನ ಪ್ರೀತಿಗಾಗಿ ನೆಲದ ಮೇಲಿನ ಒಂದು ಹುಲ್ಲುಕಡ್ಡಿ ಎತ್ತಿದರೂ ತನಗೆ ಸಾಕು ಎನ್ನುತ್ತಿದ್ದರು ಅವರು.

ಈ ವಾರ ಹೀಗೆ ಮಾಡಿ: ಅಜ್ಜಿಯೂ ಮೊಮ್ಮಕ್ಕಳೂ ತಮಗೆ ಬೇಜಾರಿನ ಒಂದೊಂದು ಕೆಲಸ ಆರಿಸಿಕೊಳ್ಳಿ. ಗೊಣಗದೆ, ದೇವರನ್ನು ನೆನೆದು ಮಾಡಿ. ಭಾನುವಾರ ಊಟಕ್ಕೆ ಕೂತಾಗ, ಹೇಗಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಿ.