ಮುರಿದ ಮನೆಯ ಮರುಹುಟ್ಟು

ಮನೆ ಕಟ್ಟುವವನಿಗೆ ಊರೆಲ್ಲ ಶುಭ ಕೋರುತ್ತದೆ. ಗುದ್ದಲಿಪೂಜೆಯಿಂದ ಗೃಹಪ್ರವೇಶದವರೆಗೆ ಹಂತ ಹಂತಕ್ಕೂ ಮುಹೂರ್ತವುಂಟು, ಊಟವುಂಟು. ಆದರೆ ಹಳೆಯ ಮನೆಯನ್ನು ಕೆಡವುವ ದಿನ ಅತ್ತ ತಿರುಗಿ ನೋಡುವವರು ವಿರಳ. ಯಂತ್ರ ಬರುತ್ತದೆ, ಗೋಡೆ ಉರುಳುತ್ತದೆ, ಲಾರಿ ಆ ರಾಶಿಯನ್ನು ಹೊತ್ತೊಯ್ಯುತ್ತದೆ. ಅದು ಕೆರೆಯಂಗಳಕ್ಕೆ ಹೋಯಿತೋ ಹಳ್ಳದ ದಂಡೆಗೆ ಬಿತ್ತೋ ಕೇಳುವವರಾರು?

ಶಿವಮೊಗ್ಗದ ವಿದ್ಯಾನಗರದಂತಹ ಬಡಾವಣೆಗಳಲ್ಲಿ ಹೊಸ ತಾರಸಿ ಮನೆಗಳು ಏಳುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಮಲೆನಾಡಿನ ಹಳೆಯ ಮನೆಯೆಂದರೆ ಒಂದು ಉಗ್ರಾಣವೇ ಸರಿ. ಬೀಟೆ, ಹೊನ್ನೆ, ಮತ್ತಿಯ ಕಂಬಗಳು, ತೊಲೆಗಳು, ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚು, ನಯವಾಗಿ ಸವೆದ ಚಪ್ಪಡಿ ಕಲ್ಲು! ಇವುಗಳಲ್ಲಿ ಬಹುಪಾಲು ಮನೆಯ ಯಜಮಾನನಿಗಿಂತ ಹೆಚ್ಚು ಕಾಲ ಬಾಳತಕ್ಕವು. ಬಲಿತ ಮರದ ತೊಲೆಗೆ ಗೆದ್ದಲು ತಗುಲದೆ ಇದ್ದರೆ ಎರಡನೆಯ ಮನೆಯ ಭಾರವನ್ನೂ ಅದು ಹೊರಬಲ್ಲದು. ಅಂತಹ ತೊಲೆಯನ್ನು ಸೌದೆಗೆ ಹಾಕಿ, ಹೊಸ ಬಾಗಿಲಿಗಾಗಿ ಮತ್ತೊಂದು ಮರವನ್ನು ಕಡಿಸುವುದು ಯಾವ ಜಾಣತನ?

ಹಿಂದಿನವರ ಮನೆಗಳು ಬಿಚ್ಚಲು ಸುಲಭವಾಗಿದ್ದುವೆಂಬುದು ಗಮನಿಸಬೇಕಾದ ಸಂಗತಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ತಯಾರಿಸಿದ ಹೆಂಚು ಗಾರೆಯನ್ನು ಬೇಡದೆ ರೀಪಿನ ಮೇಲೆ ಕೊಕ್ಕೆಯಂತೆ ಕೂಡುತ್ತದೆ. ಒಂದೊಂದನ್ನೇ ಎತ್ತಿ ಇಳಿಸಬಹುದು. ಸುಣ್ಣದ ಗಾರೆಯ ಗೋಡೆಯೂ ಅಷ್ಟೇ. ಗಾರೆ ಇಟ್ಟಿಗೆಗಿಂತ ಮೆದುವಾದುದರಿಂದ, ತಟ್ಟಿದರೆ ಗಾರೆ ಉದುರಿ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಗಟ್ಟಿ ಸಿಮೆಂಟು ಗಾರೆಯ ಗೋಡೆಯಲ್ಲಿ ಇದು ತಲೆಕೆಳಗು. ಅಲ್ಲಿ ಒಡೆಯುವುದು ಇಟ್ಟಿಗೆಯೇ ಹೊರತು ಗಾರೆಯಲ್ಲ. ಬಲವೆಂದು ನಾವು ಮೆಚ್ಚಿದ ಬಿಗಿಯೇ ಮರುಬಳಕೆಗೆ ಅಡ್ಡಿಯಾಯಿತು.

ವಿದ್ಯಾನಗರದಿಂದ ಬೆಂಗಳೂರಿನ ದಾರಿ ಹಿಡಿದರೆ ಸಿಗುವ ಭದ್ರಾವತಿಯೂ ಈ ವಿಷಯದಲ್ಲಿ ಒಂದು ಪಾಠ ಹೇಳುತ್ತದೆ. ಮೈಸೂರು ಸಂಸ್ಥಾನದ ಆ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆ ಹೊತ್ತು ಅದನ್ನು ನೆಲೆಗೊಳಿಸಿದರು. ಅದಿರನ್ನು ಕರಗಿಸಿದಾಗ ಕಬ್ಬಿಣದೊಡನೆ ಕಿಟ್ಟವೂ ಹೊರಬರುತ್ತದೆ. ನೋಡುವವರಿಗೆ ಅದು ಕಸ. ಆದರೆ ಊದುಕುಲುಮೆಯ ಕಿಟ್ಟವನ್ನು ಬಿಸಿಯಿರುವಾಗಲೇ ನೀರಿನಲ್ಲಿ ತಣಿಸಿ ನುಣ್ಣಗೆ ಅರೆದರೆ ಅದು ಸಿಮೆಂಟಿಗೆ ಬೆರೆಯುವ ಬೆಲೆಯುಳ್ಳ ವಸ್ತುವಾಗುತ್ತದೆ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಬೇಯಿಸಬೇಕು. ಆಗ ಉರುವಲಿನ ಹೊಗೆಯಲ್ಲದೆ ಕಲ್ಲಿನೊಳಗಿನ ಇಂಗಾಲಾಮ್ಲವೂ ಹೊರಬಿದ್ದು ಗಾಳಿಗೆ ಸೇರುತ್ತದೆ. ಕಿಟ್ಟ ಬೆರೆತಷ್ಟೂ ಈ ಹೊರೆ ಕಡಿಮೆ.

ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆಸೆದಿರುವ ಮತ್ತೊಂದು ಕಟ್ಟಡವನ್ನೂ ಇಲ್ಲಿ ನೆನೆಯಬೇಕು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ ಮತ್ತು ಸುರ್ಕಿಯ ಗಾರೆ. ಸುರ್ಕಿಯೆಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದು ಸುಣ್ಣದೊಡನೆ ಕೂಡಿ ನೀರಿನಲ್ಲಿಯೂ ಗಟ್ಟಿಯಾಗುವ ಗುಣ ಪಡೆಯುತ್ತದೆ. ಇಟ್ಟಿಗೆ ಪುಡಿಯಾದರೂ ಅದರ ಕೆಲಸ ಮುಗಿಯಲಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಅದೇ ಕಟ್ಟೆಯ ನೀರಿನಲ್ಲಿ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಮುಳುಗಿತು. ಅನೇಕ ದಶಕಗಳ ಅನಂತರ, ಈ ಶತಮಾನದ ಆರಂಭದ ವರ್ಷಗಳಲ್ಲಿ, ಉದ್ಯಮಿ ಶ್ರೀಹರಿ ಖೋಡೆಯವರ ಆಸಕ್ತಿಯಿಂದ ಅದರ ಕಲ್ಲುಗಳಿಗೆ ಗುರುತು ಹಾಕಿ, ಬಿಚ್ಚಿ, ದಡದ ಮೇಲೆ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಲಾಯಿತು. ಅದರಂತೆಯೇ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು, ನಾಶವಾಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಪರಂಪರಾ ಗ್ರಾಮವನ್ನು ನಿರ್ಮಿಸಿದರು. 2017ರಲ್ಲಿ ಅವರು ತೀರಿಕೊಂಡರು. ಆ ಕಂಬಗಳು ನಿಂತಿವೆ. ಬಿಚ್ಚಲು ಬರುವಂತೆ ಕೂಡಿಸಿದ ಕಲ್ಲು ಮರಗಳಾದುದರಿಂದಲೇ ಈ ಸಾಹಸಗಳು ಕೈಗೂಡಿದುವು.

ಹಾಗಾದರೆ ಕಾಂಕ್ರೀಟು ಮನೆಗೆ ಗತಿಯೇ ಇಲ್ಲವೆ? ಇದೆ. ಮುರಿದ ಕಾಂಕ್ರೀಟನ್ನು ಪುಡಿಮಾಡಿ, ಸರಳನ್ನು ಬೇರ್ಪಡಿಸಿ, ಜರಡಿ ಹಿಡಿದರೆ ಜಲ್ಲಿ ದೊರೆಯುತ್ತದೆ. 2016ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕವು ಸರಳಿಲ್ಲದ ಕಾಂಕ್ರೀಟಿನಲ್ಲಿ ಇಂತಹ ಜಲ್ಲಿಯನ್ನು ಶೇಕಡ 25ರವರೆಗೆ, ಸರಳು ಹಾಕಿದ ಸಾಮಾನ್ಯ ದರ್ಜೆಯ ಕಾಂಕ್ರೀಟಿನಲ್ಲಿ ಶೇಕಡ 20ರವರೆಗೆ ಬಳಸಲು ಒಪ್ಪಿತು. ತಳಪಾಯದ ಕೆಳಗೆ ಹಾಸುವ ಬಡ ಮಿಶ್ರಣದಲ್ಲಿ ಪೂರ್ತಿ ಅದನ್ನೇ ಬಳಸಬಹುದು. ಕಟ್ಟಡದ ಅವಶೇಷಗಳ ವಿಲೇವಾರಿಗೆ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದುದೂ ಅದೇ ವರ್ಷದಲ್ಲಿ. ಆದರೆ ನಿಯಮದ ದೊಡ್ಡ ಹೊಣೆ ದೊಡ್ಡ ಕಟ್ಟಡದವರದು. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕೆಡಹುವವನನ್ನು ಎಚ್ಚರಿಸಬೇಕಾದುದು ಅವನ ವಿವೇಕವೇ.

ಆ ವಿವೇಕಕ್ಕೆ ಹೆಚ್ಚು ಹಣ ಬೇಕಿಲ್ಲ. ಸ್ವಲ್ಪ ತಾಳ್ಮೆ ಬೇಕು. ಯಂತ್ರ ಬರುವ ಮುನ್ನ ಬಡಗಿಯನ್ನು ಕರೆಸಿ ಬಾಗಿಲು, ಕಿಟಕಿ, ತೊಲೆಗಳನ್ನು ಬಿಚ್ಚಿಸಬೇಕು. ಹೆಂಚನ್ನು ಕೈಯಿಂದಲೇ ಇಳಿಸಬೇಕು. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದರೆ ಖಣಿಲೆಂದರೆ ಒಳ್ಳೆಯದು, ಮಂಕು ಸದ್ದಾದರೆ ಗೋಡೆಗೆ ಸಲ್ಲದು. ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿದಾಗ ತನ್ನ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ನೀರು ಕುಡಿಯುವ ಇಟ್ಟಿಗೆಯನ್ನೂ ಬದಿಗಿಡಬೇಕು. ಹಳೆಯದೆಲ್ಲ ಚಿನ್ನವೆಂದು ತಿಳಿಯುವುದೂ ತಪ್ಪು. ತುಕ್ಕು ತಿಂದ ಸರಳನ್ನು ಮಾಳಿಗೆಗೆ ಹಾಕಬಾರದು. ಕಲ್ನಾರಿನ ಹಳೆಯ ಶೀಟು ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಅದನ್ನು ಮರಳಿ ಬಳಸಲೇಬಾರದು.

ಹೊಸ ಮನೆಯ ನಕ್ಷೆ ಬರೆಸುವಾಗ ಎಷ್ಟು ಕೋಣೆ, ಯಾವ ದಿಕ್ಕಿಗೆ ಬಾಗಿಲು ಎಂದು ಎಲ್ಲರೂ ಕೇಳುತ್ತಾರೆ. ಇದನ್ನು ಮುಂದೆ ಬಿಚ್ಚುವುದು ಹೇಗೆ ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಲೇಸು. ಅಪಶಕುನವೆಂದು ಯಾರೂ ಅಳುಕಬೇಕಾಗಿಲ್ಲ. ಮೊಮ್ಮಗನ ಮನೆಗೆ ಬಾಗಿಲು ತೊಲೆಗಳನ್ನು ಈಗಲೇ ಕೂಡಿಡುವ ಆಸ್ತಿಯ ಮಾತು ಅದು.