ಬೀದಿಯೇ ಇಲ್ಲದ ಊರು

ಸಾವಿರಾರು ಜನರಿದ್ದ ಊರು. ಆದರೆ ಬೀದಿ ಇಲ್ಲ, ಮನೆಗಳಿಗೆ ಮುಂಬಾಗಿಲೂ ಇಲ್ಲ!

ಇದು ಇಂದಿನ ಟರ್ಕಿಯ ಕೊನ್ಯಾ ಬಯಲಿನ ಚಾತಾಲ್‌ಹೊಯುಕ್. ಸುಮಾರು 9,000 ವರ್ಷಗಳ ಹಿಂದೆ ಇಲ್ಲಿಯವರು ಹಸಿ ಇಟ್ಟಿಗೆಯ ಮನೆಗಳನ್ನು ಗೋಡೆಗೆ ಗೋಡೆ ಒತ್ತಿಕೊಂಡಂತೆ ಕಟ್ಟಿದರು. ಹಾಗಾದರೆ ಒಳಗೆ ಹೋಗೋದು ಹೇಗೆ? ಮಾಳಿಗೆಯಿಂದ! ಮೇಲೊಂದು ಕಿಂಡಿ, ಅದಕ್ಕೊಂದು ಏಣಿ. ಏಣಿಯ ಬಳಿಯೇ ಒಲೆ. ಹೊಗೆ ಹೋಗುತ್ತಿದ್ದದ್ದೂ ಅದೇ ಕಿಂಡಿಯಿಂದ. ಊರಿನ ಓಡಾಟವೆಲ್ಲ ಮಾಳಿಗೆಗಳ ಮೇಲೆಯೇ.

ಗೋಡೆಗಳನ್ನು ಹತ್ತಿರದಿಂದ ನೋಡಿ. ಬಿಳಿ ಸಾರಣೆಯ ಮೇಲೆ ಮತ್ತೆ ಸಾರಣೆ, ಹತ್ತಾರು ಪದರ. ನಡುನಡುವೆ ಕೆಂಪು ಬಣ್ಣದ ಚಿತ್ರಗಳು, ಕೆಲವು ಮನೆಗಳಲ್ಲಿ ಕಾಡು ಹೋರಿಯ ಕೊಂಬು. ತೀರಿಕೊಂಡವರನ್ನು ಹೂಳುತ್ತಿದ್ದದ್ದು ಮನೆಯೊಳಗಿನ ಜಗಲಿಯ ಅಡಿಯಲ್ಲೇ. ಮನೆ ಹಳೆಯದಾದರೆ ಮೇಲ್ಭಾಗ ಕೆಡವಿ, ಮಣ್ಣು ತುಂಬಿ, ಅದೇ ಗೋಡೆಗಳ ಮೇಲೆ ಹೊಸ ಮನೆ. ಹಾಗೆ ಬೆಳೆದ ದಿಬ್ಬ ಈಗ ಸುಮಾರು 20 ಮೀಟರ್ ಎತ್ತರ.

ನನಗೆ ತುಂಬ ಹಿಡಿಸಿದ್ದು ಇದು: ಅರಮನೆ ಎನ್ನಬಹುದಾದ ಒಂದೇ ಒಂದು ಕಟ್ಟಡವೂ ಇಲ್ಲಿ ಸಿಕ್ಕಿಲ್ಲ.

ಬೀದಿ ಬೇಕೆಂದರೆ ಎಲ್ಲರಿಗೂ ಸೇರಿದ ಜಾಗವನ್ನು ಮೊದಲೇ ಬಿಟ್ಟು ಕಟ್ಟಬೇಕು. ಸುಮಾರು 4,500 ವರ್ಷಗಳ ಹಿಂದೆ ಸಿಂಧೂ ಕಣಿವೆಯ ಮೊಹೆಂಜೊದಾರೊ ಅದನ್ನೇ ಮಾಡಿತು. ನೇರ ಬೀದಿಗಳು. ಸುಟ್ಟ ಇಟ್ಟಿಗೆ, ದಪ್ಪ, ಅಗಲ, ಉದ್ದದ ಲೆಕ್ಕ 1:2:4. ಬಚ್ಚಲ ನೆಲಕ್ಕೂ ಇಳಿಜಾರು. ಅಲ್ಲಿಂದ ಹರಿದ ನೀರು ಬೀದಿ ಬದಿಯ ಮುಚ್ಚಿದ ಚರಂಡಿ ಸೇರುತ್ತಿತ್ತು. ಆ ಚರಂಡಿಯ ಹೂಳು ತೆಗೆಯಲು ಅಲ್ಲಲ್ಲಿ ಗುಂಡಿಗಳನ್ನೂ ಕಟ್ಟಿದ್ದರು.