ಮಗ್ಗುಲಲ್ಲೇ ಇರುವ ಇನ್ನೊಂದು ಲೋಕ

ಮಾಂತ್ರಿಕ ಸಾಹಸದ ಕಾದಂಬರಿಯಲ್ಲಿ ಲೋಕಗಳು ಎರಡು. ಒಂದು, ಓದುಗರಿಗೆ ಗೊತ್ತಿರುವ ಮನೆ, ಓಣಿ, ಸಂತೆಗಳ ಲೋಕ. ಇನ್ನೊಂದು, ಅದರ ಮಗ್ಗುಲಲ್ಲೇ ಇದ್ದೂ ಕಣ್ಣಿಗೆ ಬೀಳದ ಲೋಕ. ಕಥೆಯ ಹುಡುಗನೋ ಹುಡುಗಿಯೋ ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ, ದಾಟಿದ್ದಕ್ಕೆ ತಕ್ಕ ಬೆಲೆ ತೆರುತ್ತಾರೆ. ಇಂಗ್ಲಿಷಿನ ಸಿ.ಎಸ್. ಲೂಯಿಸ್ 1950ರಲ್ಲಿ ಬಟ್ಟೆಯ ಕಪಾಟಿನೊಳಗಿಂದ ಮಕ್ಕಳನ್ನು ನಾರ್ನಿಯಾಕ್ಕೆ ಕಳಿಸಿದರು. ಫಿಲಿಪ್ ಪುಲ್‌ಮನ್ 1997ರ ಕಾದಂಬರಿಯೊಂದರಲ್ಲಿ ಲೋಕಗಳ ನಡುವಿನ ತೆರೆಯನ್ನು ಸೀಳುವ ಚಾಕುವನ್ನು ಹುಡುಗನೊಬ್ಬನ ಕೈಗೆ ಕೊಟ್ಟರು.

ಕನ್ನಡದಲ್ಲಿ ಈ ದಾಟು ಸಾವಿರ ವರ್ಷದಷ್ಟು ಹಳೆಯದು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕವಿ ನಾಗವರ್ಮ ಸಂಸ್ಕೃತದ ಬಾಣಭಟ್ಟನ ಗದ್ಯಕಥೆಯನ್ನು ‘ಕರ್ಣಾಟಕ ಕಾದಂಬರಿ’ ಎಂಬ ಚಂಪುವಾಗಿ ತಂದ. ಅದರಲ್ಲಿ ರಾಜಕುಮಾರ ಚಂದ್ರಾಪೀಡ ಕಿನ್ನರ ಜೋಡಿಯೊಂದನ್ನು ಕಂಡು ಕುದುರೆ ಓಡಿಸುತ್ತಾನೆ. ಕಿನ್ನರರು ತಪ್ಪಿಸಿಕೊಳ್ಳುತ್ತಾರೆ, ಸೇನೆ ಎಲ್ಲೋ ಹಿಂದೆ ಉಳಿಯುತ್ತದೆ, ಒಬ್ಬನೇ ಅಚ್ಛೋದ ಸರೋವರದ ದಡ ಸೇರುತ್ತಾನೆ. ಅಲ್ಲಿಂದಾಚೆ ಗಂಧರ್ವರ ಲೋಕ. ಕಥೆ ಹೇಳುವ ಗಿಳಿ ಹಿಂದಿನ ಜನ್ಮದಲ್ಲಿ ಮನುಷ್ಯ. ಏರಿ ಬಂದ ಕುದುರೆಯೂ ಶಾಪಕ್ಕೆ ಸಿಕ್ಕ ಮುನಿಕುಮಾರ. ಯಾರು ಯಾರೆಂಬುದು ಕೊನೆಯವರೆಗೂ ಬಿಚ್ಚಿಕೊಳ್ಳುತ್ತಲೇ ಹೋಗುತ್ತದೆ, ಮತ್ತು ಆ ಬಿಚ್ಚುವಿಕೆಯಲ್ಲೇ ಓದಿನ ಸುಖವಿದೆ.

ಬೆಳಗಾವಿಯ ಸೀಮೆಗೆ ಬಂದರೆ ಇಂಥ ಕಥೆಗಳು ಪುಸ್ತಕಕ್ಕಿಂತ ಬಾಯಲ್ಲೇ ಹೆಚ್ಚು. ಇಂದ್ರಲೋಕದ ಹೂವೊಂದು ದ್ವಾರಕೆಗಿಳಿದು ಕೃಷ್ಣನ ಸಂಸಾರದಲ್ಲಿ ಜಗಳ ಹಚ್ಚುವ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟವನ್ನು ಕುಲಗೋಡ ತಮ್ಮಣ್ಣ ಮನೆಮಾತು ಮಾಡಿದ್ದು ಈ ಜಿಲ್ಲೆಯಲ್ಲೇ. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಪಾಠದ ಜೊತೆಗೆ ಅವರು ಹೆಂಗಸರು ಮನೆಯೊಳಗೆ ಹೇಳುವ ಕಥೆಗಳನ್ನು ಶ್ರದ್ಧೆಯಿಂದ ಕೂಡಿಹಾಕಿದರು. ಜಾನಪದ ವಿದ್ವಾಂಸರಾಗಿ ಅವರು ಜಗತ್ತಿಗೆ ಪರಿಚಯವಾಗುವ ಮುಂಚಿನ ಈ ಕೆಲಸ ಇನ್ನೂ ಹೆಚ್ಚು ಮೆಚ್ಚುಗೆಗೆ ಅರ್ಹ.

ಅವರು ಹೊರಲೋಕಕ್ಕೆ ಮುಟ್ಟಿಸಿದ ಕನ್ನಡ ಕಥೆಗಳಲ್ಲಿ ಒಂದು, ಹೂವಿನ ಮರವಾಗುವ ಹುಡುಗಿಯದು. ಬಡವರ ಮನೆಯ ಹುಡುಗಿ ಅಕ್ಕನಿಗೆ ಹೇಳಿ ಎರಡು ಕೊಡ ನೀರು ತರಿಸುತ್ತಾಳೆ. ಒಂದು ಕೊಡ ಸುರಿದರೆ ಮರವಾಗುತ್ತಾಳೆ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ನಡುವೆ ಹೂ ಬಿಡಿಸುವವರು ಎಲೆ ಹರಿಯಬಾರದು, ಟೊಂಗೆ ಮುರಿಯಬಾರದು. ಹೂ ಅರಮನೆಗೆ ಹೋಗುತ್ತದೆ, ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಒಂದು ದಿನ ನಾದಿನಿ ತನ್ನ ಗೆಳತಿಯರೊಡನೆ ಅವಳನ್ನು ಮರವಾಗಿಸಿ, ಕೊಂಬೆ ಮುರಿದು, ನೀರನ್ನೂ ಸರಿಯಾಗಿ ಹಾಕದೆ ಬಿಟ್ಟುಹೋಗುತ್ತಾಳೆ. ಹುಡುಗಿ ಕೈಕಾಲಿಲ್ಲದ ಅರ್ಧ ದೇಹವಾಗಿ ಉಳಿಯುತ್ತಾಳೆ. ಕೊನೆಗೆ ಗಂಡ ಮುರಿದ ಕೊಂಬೆಗಳನ್ನು ಕೂಡಿಸಿ ಕಟ್ಟಿ, ನೀರು ಸುರಿದು, ಅವಳನ್ನು ಮರಳಿ ಪಡೆಯುತ್ತಾನೆ.

ಮಾಯೆಯ ಕಥೆ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ಏನು ಬೇಕಾದರೂ ಆಗುವುದಿಲ್ಲ. ಕೊಡ ಎರಡೇ, ಮಾಡಬಾರದ್ದು ಇಂತಿಷ್ಟೇ. ಕಟ್ಟಳೆ ಮೊದಲೇ ಗೊತ್ತಾದ್ದರಿಂದ ನಾದಿನಿ ಕೊಡ ಎತ್ತಿದ ಕೂಡಲೇ ಕೇಳುವವರ ಎದೆ ಝಲ್ಲೆನ್ನುತ್ತದೆ. ಗೊತ್ತುಗುರಿಯಿಲ್ಲದ ಮಂತ್ರಗಳ ಕಾದಂಬರಿ ನೂರು ಪುಟಕ್ಕೇ ಬೇಸರ ತರಿಸುವುದು ಇದೇ ಕಾರಣಕ್ಕೆ: ಸೋಲಲು ದಾರಿಯಿಲ್ಲದಲ್ಲಿ ಆತಂಕವೂ ಇಲ್ಲ. ಗಿರೀಶ ಕಾರ್ನಾಡರ ‘ಚೆಲುವಿ’ ಎಂಬ ಹಿಂದಿ ಚಿತ್ರವೂ, ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶಿಸಿದ ಸಂಗೀತನಾಟಕವೂ ಈ ಕಥೆಯಿಂದಲೇ ಹುಟ್ಟಿದವು.

ಇದೇ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಾಯಿಮಾತಿನ ಈ ಮಾಯೆಯನ್ನು ಆಧುನಿಕ ಸಾಹಿತ್ಯಕ್ಕೆ ತಂದರು. ಅವರ ಕಾವ್ಯ, ನಾಟಕ, ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರ ಒಂದು ಕಲ್ಪಿತ ಊರು. ಅಲ್ಲಿ ದೇವರು, ಯಕ್ಷಿ, ಗೌಡ, ರೈತ ಎಲ್ಲರೂ ಒಂದೇ ಗಾಳಿ ಉಸಿರಾಡುತ್ತಾರೆ. 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಸಿರಿಸಂಪಿಗೆ’ ನಾಟಕದಲ್ಲಿ ತನ್ನ ಅರ್ಧದಲ್ಲೇ ಹೆಣ್ಣಿದ್ದಾಳೆಂದು ನಂಬಿದ ರಾಜಕುಮಾರ ತನ್ನನ್ನು ಎರಡಾಗಿ ಸೀಳಿಸಿಕೊಳ್ಳುತ್ತಾನೆ, ಆ ಅರ್ಧ ಹಾವಾಗಿ ಎದ್ದು ಬರುತ್ತದೆ. ‘ಚಕೋರಿ’ ಮಹಾಕಾವ್ಯ ಚಂದಮುತ್ತನೆಂಬ ಹಳ್ಳಿಯ ತರುಣ ಮತ್ತು ಯಕ್ಷಿಯ ಕಥೆ. ‘ಶಿಖರಸೂರ್ಯ’ ಕಾದಂಬರಿಯಲ್ಲಿ ಶಿವಾಪುರದ ಎದುರು ಕನಕಪುರಿ ನಿಲ್ಲುತ್ತದೆ. ಮದ್ದು ಮಂತ್ರಗಳ ವಿದ್ಯೆ ಕಲಿತವನೊಬ್ಬ ಅದನ್ನು ಅರಮನೆಯ ಅಧಿಕಾರಕ್ಕೆ ಏಣಿ ಮಾಡಿಕೊಳ್ಳುತ್ತಾನೆ. ಸಾಹಸ, ಕುತಂತ್ರ, ಅದ್ಭುತ ಮೂರನ್ನೂ ಬಯಸುವ ಓದುಗರಿಗೆ ಕನ್ನಡದಲ್ಲಿ ಇದು ದೊಡ್ಡ ಹಬ್ಬ.

ಮಂತ್ರದ ಕಥೆ ಮೂಢನಂಬಿಕೆ ಬೆಳೆಸುತ್ತದೆಯೇ ಎಂಬ ಸಂಶಯ ಕೆಲವು ತಂದೆತಾಯಿಗಳಿಗಿದೆ. ಬೆಳಗಾವಿಯಲ್ಲಿ ಈ ಪ್ರಶ್ನೆಗೆ ತನ್ನದೇ ತೂಕವಿದೆ. ನಗರದ ಸದಾಶಿವನಗರದ ಸ್ಮಶಾನದಲ್ಲಿ ಮಾನವ ಬಂಧುತ್ವ ವೇದಿಕೆ ಅಂಬೇಡ್ಕರರ ಪರಿನಿಬ್ಬಾಣದ ದಿನವಾದ ಡಿಸೆಂಬರ್ 6ರಂದು ಮೌಢ್ಯ ವಿರೋಧಿ ಕಾರ್ಯಕ್ರಮ ನಡೆಸುತ್ತ ಬಂದಿದೆ. ಜನ ಅಲ್ಲೇ ಕೂತು ಉಣ್ಣುತ್ತಾರೆ, ದೆವ್ವದ ಭಯವನ್ನು ಅದರ ಮನೆಯಲ್ಲೇ ಎದುರಿಸುತ್ತಾರೆ. ರಾಜ್ಯದ ವಿಧಾನಮಂಡಲ 2017ರಲ್ಲಿ ಒಪ್ಪಿದ ವಾಮಾಚಾರ ತಡೆ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂತು. ಆ ಹೋರಾಟ ನಿಜವಾದ ಭಯ ಮತ್ತು ಮೋಸದ ವಿರುದ್ಧ. ಮಾಟಗಾರ ತನ್ನ ಮಾತನ್ನು ನಿಜವೆಂದು ಒಪ್ಪಿಸಿ ದುಡ್ಡು ಕೇಳುತ್ತಾನೆ. ಕಥೆಗಾರ ‘ಒಂದಾನೊಂದು ಊರಾಗ’ ಎಂದು ಮೊದಲಿಟ್ಟಾಗಲೇ ಇದು ಕಥೆ ಎಂದು ಸಾರಿರುತ್ತಾನೆ. ಕೇಳುವವರು ಹೂಂಗುಟ್ಟುವುದು ಆ ಒಪ್ಪಂದಕ್ಕೆ. ಅಪನಂಬಿಕೆಯನ್ನು ಮನಸಾರೆ ಬದಿಗಿಡುವ ಈ ಸ್ಥಿತಿಯನ್ನು ಇಂಗ್ಲಿಷ್ ಕವಿ ಕೋಲ್‌ರಿಜ್ 1817ರಲ್ಲಿ ‘ಕಾವ್ಯಶ್ರದ್ಧೆ’ ಎಂದು ಕರೆದಿದ್ದ. ಅಜ್ಜಿಯರು ಅದನ್ನು ಯಾವಾಗಲೋ ಬಲ್ಲರು.

ಓದಲು ಹೊರಡುವ ಎಳೆಯರಿಗೆ ನಾ. ಕಸ್ತೂರಿಯವರು ಕನ್ನಡಕ್ಕಿಳಿಸಿದ ಆಲಿಸಳ ಕಥೆ ‘ಪಾತಾಳದಲ್ಲಿ ಪಾಪಚ್ಚಿ’ ಒಳ್ಳೆಯ ಬಾಗಿಲು. ಕಂಬಾರರ ಭಾಷೆ ಘೋಡಗೇರಿಯ ಸೀಮೆಯದಾದ್ದರಿಂದ ದಕ್ಷಿಣದ ಓದುಗರಿಗೆ ಮೊದಲ ಪುಟಗಳು ತುಸು ತಡೆಯಬಹುದು. ಗಟ್ಟಿಯಾಗಿ ಓದಿದರೆ ವಾಕ್ಯಗಳ ಲಯ ತಾನಾಗಿ ಕೂಡುತ್ತದೆ. ‘ಚಕೋರಿ’ಯನ್ನಂತೂ ಕಿವಿಗೇ ಓದಬೇಕು.